ಒಳಗಿನ ಚಿಲಕ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಅವರ ಬಚ್ಚಲನ್ನು. ಇದು ಹೇಳಿಕೊಳ್ಳುವಂಥ ಚಟವಲ್ಲವೆಂಬುದು ನನಗೂ ಗೊತ್ತು. ಬೇರೆಯವರು ಹೋದ ಮನೆಯಲ್ಲಿ ಪುಸ್ತಕದ ಕಪಾಟು ನೋಡುತ್ತಾರೆ, ಗೋಡೆಯ ಮೇಲಿನ ಫೋಟೋ ನೋಡುತ್ತಾರೆ. ನಾನು ಮಾತ್ರ ಚಹಾ ಬರುವುದಕ್ಕೆ ಮೊದಲೇ ಕೈಕಾಲು ತೊಳೆದುಕೊಳ್ಳುವ ನೆಪ ಹೇಳಿ ಎದ್ದುಬಿಡುತ್ತೇನೆ. ಹೋದವನು ಬೇಗ ಬರುವುದಿಲ್ಲ. ಗೂಟ ಎಲ್ಲಿ ಹೊಡೆದಿದ್ದಾರೆ, ಸಾಬೂನು ಎಲ್ಲಿಡುತ್ತಾರೆ, ನೀರು ಯಾವ ಮೂಲೆಗೆ ಇಳಿದು ಹೋಗುತ್ತದೆ ಎಂದು ನೋಡುತ್ತ ನಿಂತುಬಿಡುತ್ತೇನೆ. ಒಮ್ಮೆ ನನ್ನ ತಮ್ಮನಿಗೆ ಹೆಣ್ಣು ನೋಡಲು ಹೋದಾಗ ಹೀಗೇ ಒಳಗೆ ಹೋದವನು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಹುಡುಗಿಯ ಅಪ್ಪ ಗಾಬರಿಯಾಗಿ ನನ್ನ ಹೆಂಡತಿ ಸುಮಿತ್ರಾಳನ್ನು, "ಯಜಮಾನರಿಗೆ ಹೊಟ್ಟಿ ಆರಾಮ ಇಲ್ಲೇನ್ರಿ?" ಎಂದು ಕೇಳಿದರಂತೆ. ಅವಳು ತಣ್ಣಗೆ, "ಹೊಟ್ಟಿ ಆರಾಮ ಐತ್ರಿ" ಎಂದು ಹೊಟ್ಟಿ ಎಂಬ ಮಾತಿನ ಮೇಲೆ ಸ್ವಲ್ಪ ಒತ್ತು ಕೊಟ್ಟು ಹೇಳಿದಳಂತೆ. ಆದರೂ ಸಂಬಂಧ ಕೂಡಿತು. ಆ ಮನೆಯ ಬಚ್ಚಲೂ ಚೆನ್ನಾಗಿತ್ತು.

ಈ ಚಟ ಹುಟ್ಟಿನಿಂದ ಬಂದದ್ದಲ್ಲ. ಶಲವಡಿಯಲ್ಲಿ ನಮ್ಮ ಅಜ್ಜಿಯ ಮನೆಯಲ್ಲಿ ಬಚ್ಚಲು ಎಂದರೆ ಹಿತ್ತಲಿನ ಗೋಡೆಗೆ ಆತುಕೊಂಡ ಒಂದು ಹಾಸುಗಲ್ಲು, ಅಷ್ಟೇ. ಮೇಲೆ ಆಕಾಶ, ಮೂರು ಕಡೆ ಗಾಳಿ. ಹತ್ತಿಕಟ್ಟಿಗೆಯ ಉರಿಯಲ್ಲಿ ಕಾದ ಹಂಡೆಯ ನೀರಿಗೆ ಒಂದು ಹೊಗೆ ವಾಸನೆ ಇರುತ್ತಿತ್ತು. ಈಗಲೂ ಎಲ್ಲಿಯಾದರೂ ಹತ್ತಿಕಟ್ಟಿಗೆ ಉರಿಯುವ ವಾಸನೆ ಬಂದರೆ ನನ್ನ ಬೆನ್ನು ತಾನಾಗಿಯೇ ಬಾಗುತ್ತದೆ. ಅಜ್ಜಿ ತಿಕ್ಕಲು ಶುರು ಮಾಡಿದರೆ ಹೊಲದ ಎರೆಮಣ್ಣು ಹೋಗುವವರೆಗೆ ತಿಕ್ಕಿ, ಆಮೇಲೆ ಅಭ್ಯಾಸಕ್ಕೆಂದು ಇನ್ನಷ್ಟು ತಿಕ್ಕುತ್ತಿದ್ದಳು. ಗೋಡೆಯಾಚೆ ಹೋಗುವವರು ನಿಂತು, "ಏನಬೇ, ಮೊಮ್ಮಗ ಬಂದಾನೇನ?" ಎಂದರೆ ನನ್ನ ಗದ್ದ ಹಿಡಿದೆತ್ತಿ ಅವರಿಗೆ ಮುಖ ತೋರಿಸುತ್ತಿದ್ದಳು. ಅವರು ನಮ್ಮಪ್ಪನ ಬಗ್ಗೆ, ಮಳೆಯ ಬಗ್ಗೆ, ಎಮ್ಮೆಯ ಬಗ್ಗೆ ವಿಚಾರಿಸಿಕೊಂಡು ಹೋಗುವವರೆಗೂ ನನ್ನ ಕಣ್ಣಲ್ಲಿ ಶೀಗೇಕಾಯಿ ಉರಿಯುತ್ತಲೇ ಇರುತ್ತಿತ್ತು. ಸ್ನಾನಕ್ಕೊಂದು ಬಾಗಿಲು ಬೇಕಾಗುತ್ತದೆ ಎಂಬ ವಿಚಾರ ನನಗೆ ಹೊಳೆದದ್ದು ಕಾಲೇಜಿಗೆ ಹೋದ ಮೇಲೆ. ಆ ಮನೆಯ ಹೆಂಗಸರು ಯಾವಾಗ ಸ್ನಾನ ಮಾಡುತ್ತಿದ್ದರು ಎಂಬುದಂತೂ ನನಗೆ ಇವತ್ತಿಗೂ ಗೊತ್ತಿಲ್ಲ. ನಾವು ಏಳುವ ಹೊತ್ತಿಗೆ ಅವರ ಕೂದಲು ಒದ್ದೆಯಾಗಿರುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಕುಂದಗೋಳದ ಒಂದು ಹೈಸ್ಕೂಲಿನಲ್ಲಿ ನನಗೆ ಡ್ರಾಯಿಂಗ್ ಮಾಸ್ತರನ ಕೆಲಸ ಸಿಕ್ಕಿತು. ಡ್ರಾಯಿಂಗ್ ಮಾಸ್ತರನೆಂದರೆ ಗಣಿತದವರು ತಮ್ಮ ಪಾಠ ಉಳಿದಾಗ ಕೇಳದೆಯೇ ಎತ್ತಿಕೊಂಡು ಹೋಗುವ ಪಿರಿಯಡ್ಡಿನ ಯಜಮಾನ. ಹೀಗಾಗಿ ನನ್ನ ಹತ್ತಿರ ಬಣ್ಣಗಳೂ ಉಳಿಯುತ್ತಿದ್ದವು, ಸಮಯವೂ ಉಳಿಯುತ್ತಿತ್ತು. ಈ ಎರಡೂ ಕೂಡಿದ ಮನುಷ್ಯ ಮನೆಯವರಿಗೆ ಎಷ್ಟು ಅಪಾಯಕಾರಿ ಎಂಬುದು ಮದುವೆಯಾಗುವವರೆಗೆ ಯಾರಿಗೂ ತಿಳಿದಿರಲಿಲ್ಲ.

ನಾನು ಬಾಡಿಗೆಗೆ ಹಿಡಿದದ್ದು ರುದ್ರಗೌಡರ ಮನೆಯ ಹಿಂದಿನ ಎರಡು ಕೋಣೆ. ಗೌಡರು ಮೆಣಸಿನಕಾಯಿ, ಹತ್ತಿ ಬೆಳೆಯುವವರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳನ್ನು ದೇವಿಕೊಪ್ಪಕ್ಕೆ ಕೊಟ್ಟಿದ್ದರು. ಮನೆ ನಡೆಸುತ್ತಿದ್ದವಳು ಅವರ ತಂಗಿ ನೀಲಕ್ಕ. ಹತ್ತೊಂಬತ್ತನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವಳು, ಆಗ ಮೂವತ್ತಾರರ ಆಸುಪಾಸಿನಲ್ಲಿದ್ದಳು. ನಾನು ಆ ಮನೆಗೆ ಬಂದು ವರ್ಷವಾದರೂ ಅವಳ ದನಿ ಕೇಳಿದ್ದಿಲ್ಲ. ಅವಳು ಬಡಿಯುವ ರೊಟ್ಟಿಯ ಸಪ್ಪಳ ಮಾತ್ರ ದಿನಾ ಕೇಳುತ್ತಿತ್ತು.

ಗೌಡರಿಗೆ ಸಂಗೀತವೆಂದರೆ ಪ್ರಾಣ. ಊರಲ್ಲಿ ಎಲ್ಲಿ ಹಾಡಿನ ಬೈಠಕ್ ನಡೆದರೂ ಮುಂದಿನ ಸಾಲಿನಲ್ಲಿ ಅವರ ರುಮಾಲು ಕಾಣುತ್ತಿತ್ತು. ಚಿಕ್ಕವರಿದ್ದಾಗ ಅವರಪ್ಪ ಮನೆಗೇ ಒಬ್ಬ ಗವಾಯಿಗಳನ್ನು ಕರೆಸಿ ನಾಲ್ಕು ವರ್ಷ ಪಾಠ ಹೇಳಿಸಿದ್ದರಂತೆ. "ವಿದ್ಯಾ ಹತ್ತಲಿಲ್ರಿ ಮಾಸ್ತರ. ಆದ್ರ ಕೇಳಾಕ ಕಲತೆ" ಎಂದು ಅವರು ಹೇಳುತ್ತಿದ್ದರು.

ನನ್ನ ಪಾಲಿಗೆ ಬಂದ ಬಚ್ಚಲು ಹಿತ್ತಲಿನ ಮೂಲೆಯಲ್ಲಿತ್ತು. ಎರಡೂ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಅಗಲ. ಒಂದು ಹಂಡೆ, ಅದರ ಕೆಳಗೆ ಒಲೆ, ನಿಲ್ಲಲು ಒಂದು ಕಲ್ಲು, ಬೆಳಕಿಗೆಂದು ತೆಂಗಿನಕಾಯಿ ಗಾತ್ರದ ಒಂದು ಕಿಂಡಿ. ಅದರ ಹಿಂದಿನ ಗೋಡೆಯೇ ಗೌಡರ ದನದ ಮನೆಯ ಗೋಡೆ. ಗೌಡರ ಮನೆಯವರ ಬಚ್ಚಲು ಆ ದನದ ಮನೆಯ ಒಂದು ಮೂಲೆ. ಅದಕ್ಕೆ ಬಾಗಿಲಿರಲಿಲ್ಲ, ಒಂದು ಹಳೆಯ ಸೀರೆ ಕಟ್ಟಿದ್ದರು. ಅದನ್ನು ನೋಡಿದರೆ ನನ್ನದು ಅರಮನೆ. ಎರಡು ಹಲಗೆಯ ಬಾಗಿಲಿತ್ತು, ಬಾಗಿಲಿಗೆ ಹೊರಗಡೆ ಗಟ್ಟಿಯಾದ ಚಿಲಕವೂ ಇತ್ತು. ಒಳಗೆ ನಾಯಿ ನುಗ್ಗಬಾರದು, ಕರು ನುಗ್ಗಬಾರದು ಎಂದು ಹಾಕಿಸಿದ್ದು. ಒಳಗಿದ್ದ ಮನುಷ್ಯನ ವಿಚಾರ ಯಾರೂ ಮಾಡಿರಲಿಲ್ಲ. ಅವನು ಹಾಡಬೇಕು, ಇಲ್ಲವೆ ಕೆಮ್ಮಬೇಕು. ಹೊರಗಿದ್ದವರು ಅದರಿಂದ ತಿಳಿದುಕೊಳ್ಳಬೇಕು. ನಾನು ಹಾಡುತ್ತಿದ್ದೆ. ಹಾಡು ಕೇಳಿದವರು ಒಳಗೆ ಬರುವುದು ಹಾಗಿರಲಿ, ಹಿತ್ತಲಿಗೂ ಬರುತ್ತಿರಲಿಲ್ಲ.

ಮರುವರ್ಷ ಬೇಸಿಗೆಯ ಕೊನೆಯಲ್ಲಿ ಸುಮಿತ್ರಾಳೊಂದಿಗೆ ನನ್ನ ಮದುವೆಯಾಯಿತು. ಅವಳು ಧಾರವಾಡದಲ್ಲಿ ಬೆಳೆದವಳು. ಮದುವೆಯಾದ ಮೇಲೆ ಎರಡು ವಾರ ಕುಂದಗೋಳದಲ್ಲಿದ್ದಳು. ಅಷ್ಟರಲ್ಲಿ ಆಷಾಢ ಬಂತೆಂದು ಅವಳಣ್ಣ ಕರೆದುಕೊಂಡು ಹೋಗಲು ಬಂದ. ಬಸ್ಸು ಹತ್ತುವ ಮೊದಲು ಅವಳು ನನ್ನನ್ನು ಬದಿಗೆ ಕರೆದು ಹೇಳಿದ್ದು ಒಂದೇ ಮಾತು.

"ನಾ ಬರೂದ್ರಾಗ ಬಚ್ಚಲಕ್ಕ ಒಳಗಿಂದ ಒಂದ ಚಿಲಕಾ ಹಾಕಸ್ರಿ."

ನಾನು ಈ ಮಾತಿನಲ್ಲಿ ಬಚ್ಚಲು ಎಂಬುದನ್ನಷ್ಟೇ ಕೇಳಿಸಿಕೊಂಡೆ. ಹೊಸ ಹೆಂಡತಿಗೆ ಬಚ್ಚಲು ಮನಸ್ಸಿಗೆ ಬಂದಿಲ್ಲ. ಅವಳು ಸಂಕೋಚದಿಂದ ಚಿಲಕ ಎಂದಿದ್ದಾಳೆ, ನಿಜವಾಗಿ ಬೇಕಾದದ್ದು ಸೌಂದರ್ಯ. ನಾನು ಡ್ರಾಯಿಂಗ್ ಮಾಸ್ತರ. ಕೈಯಲ್ಲಿ ಒಂದು ತಿಂಗಳಿದೆ. ಬಸ್ಸು ಹುಬ್ಬಳ್ಳಿ ದಾರಿಯ ತಿರುವು ದಾಟುವುದರೊಳಗೆ ನನ್ನ ತಲೆಯಲ್ಲಿ ಇಡೀ ನಕ್ಷೆ ತಯಾರಾಗಿತ್ತು.

ಮೊದಲ ವಾರ ಸುಣ್ಣ. ಹಂಡೆಯ ಒಲೆಯ ಮಸಿ ಎಷ್ಟೋ ವರ್ಷಗಳಿಂದ ಗೋಡೆ ಹಿಡಿದಿತ್ತು. ಎರಡು ಸಲ ಬಳಿದರೂ ಒಳಗಿಂದ ಕಂದು ಬಣ್ಣ ಮೇಲೆ ಬರುತ್ತಿತ್ತು. ಮೂರನೆಯ ಸಲ ನೀಲಿ ಹೆಚ್ಚು ಹಾಕಿದೆ. ಗೋಡೆ ಬೆಳ್ಳಗಾಯಿತು, ನನ್ನ ಮೊಣಕೈವರೆಗೆ ನೀಲಿಯಾಯಿತು. ಕ್ಲಾಸಿನಲ್ಲಿ ಬೋರ್ಡಿನ ಕಡೆ ಕೈ ಎತ್ತಿದಾಗಲೆಲ್ಲ ಹಿಂದಿನ ಬೆಂಚಿನವರು ಕೆಮ್ಮುತ್ತಿದ್ದರು.

ಎರಡನೆಯ ವಾರ ವ್ಯವಸ್ಥೆ. ಒಂದು ಹಲಗೆ ಹೊಡೆಸಿ ಅದರ ಮೇಲೆ ಯಾವ ಸಾಮಾನು ಎಲ್ಲಿರಬೇಕು ಎಂದು ನಿಶ್ಚಯಿಸಿದೆ. ಜಾಗ ತಪ್ಪಬಾರದೆಂದು ಪ್ರತಿಯೊಂದರ ಹಿಂದೆ ಗೋಡೆಯ ಮೇಲೆ ಅದರದೇ ಆಕಾರ ಬರೆದೆ. ತಂಬಿಗೆಯ ಹಿಂದೆ ತಂಬಿಗೆ, ಸಾಬೂನಿನ ಹಿಂದೆ ಸಾಬೂನು, ಶೀಗೇಕಾಯಿ ಡಬ್ಬಿಯ ಹಿಂದೆ ಡಬ್ಬಿ, ಹಿಮ್ಮಡಿ ತಿಕ್ಕುವ ಕಲ್ಲಿನ ಹಿಂದೆ ಕಲ್ಲು. ಕೆಳಗೆ ನನ್ನ ಅತ್ಯುತ್ತಮ ಅಕ್ಷರಗಳಲ್ಲಿ ಹೆಸರು. ಎಲ್ಲ ಸಾಮಾನು ತೆಗೆದಿಟ್ಟು ದೂರ ನಿಂತು ನೋಡಿದರೆ ಪ್ರಾಥಮಿಕ ಶಾಲೆಯ ಓದುವ ಪುಸ್ತಕದ ಹಾಗಿತ್ತು. ಹುಬ್ಬಳ್ಳಿಯಿಂದ ಒಂದು ಕನ್ನಡಿ ತಂದು ನನ್ನ ಎತ್ತರಕ್ಕೆ ಸರಿಯಾಗಿ ಹಾಕಿದೆ. ಸುಮಿತ್ರಾಳ ತಲೆ ನನ್ನ ಭುಜಕ್ಕೆ ಬರುತ್ತದೆ ಎಂಬುದು ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಬಿಸಿನೀರಿನ ಹಬೆಗೆ ಆ ಕನ್ನಡಿ ಮಂಜು ಹಿಡಿದು, ಅದರಲ್ಲಿ ನನಗೂ ಏನೂ ಕಾಣುತ್ತಿರಲಿಲ್ಲ.

ಮೂರನೆಯ ವಾರ ಹಂಸಗಳು. ಸೊಂಟದ ಎತ್ತರದಲ್ಲಿ ಮೂರು ಗೋಡೆ ಸುತ್ತ ಎಣ್ಣೆ ಬಣ್ಣದಲ್ಲಿ ಹಂಸಗಳ ಸಾಲು, ನಡುನಡುವೆ ತಾವರೆ. ಲೆಕ್ಕ ಹಾಕಿದ್ದು ಹತ್ತು. ಕೊನೆಗೆ ಬಾಗಿಲ ಹತ್ತಿರ ಗೇಣು ಜಾಗ ಉಳಿಯಿತು. ಹನ್ನೊಂದನೆಯದನ್ನು ಕುತ್ತಿಗೆ ಗಿಡ್ಡ ಮಾಡಿ ಅಲ್ಲಿ ತುರುಕಿದೆ. ಗೌಡರು ನೋಡಲು ಬಂದರು. ಕೈ ಹಿಂದೆ ಕಟ್ಟಿಕೊಂಡು, ಬೈಠಕ್ಕಿನಲ್ಲಿ ಕುಳಿತಷ್ಟೇ ಗಂಭೀರವಾಗಿ ಒಂದೊಂದನ್ನೂ ನೋಡಿದರು.

"ಅಗದಿ ಚಂದ ಆಗೇತ್ರಿ. ಹತ್ತ ಹಂಸ ಬರದು, ಕಡೀಕ ಒಂದ ಕೋಳಿ ಯಾಕ ಬರದೀರಿ?"

ಕೋಳಿಯನ್ನು ಬಿಟ್ಟರೆ ಅವರಿಗೆ ಎಲ್ಲ ಹಿಡಿಸಿತ್ತು. ಹಿಡಿಸಿದ್ದೇ ತೊಂದರೆಯಾಯಿತು. ತಮ್ಮ ಮನೆಯಲ್ಲಿ ಇಂಥದೊಂದಿದೆ ಎಂದು ಅವರು ಪೇಟೆಯಲ್ಲಿ ಹೇಳಿದರು. ಮೆಣಸಿನಕಾಯಿ ವ್ಯಾಪಾರಕ್ಕೆ ಬಂದವರು, ಬೀಗರು, ಅಂಚೆಯವರು, ಎಲ್ಲರೂ ಒಂದು ಸಲ ಹಿತ್ತಲಿಗೆ ಬಂದು ಹೋದರು. ಕೆಲವರು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ನಾನು ಬೆನ್ನ ಹಿಂದೆ ನಿಂತು ತಾವರೆಯ ಎಸಳಿಗೆ ಬಣ್ಣ ಹೇಗೆ ಬೆರೆಸಿದೆ ಎಂದು ವಿವರಿಸುತ್ತಿದ್ದೆ. ಸ್ನಾನವನ್ನು ಮಾತ್ರ ಆ ದಿನಗಳಲ್ಲಿ ಹಿತ್ತಲಿನ ಬೇವಿನ ಗಿಡದ ಕೆಳಗೆ ಮಾಡುತ್ತಿದ್ದೆ. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ.

ಶ್ರಾವಣ ಹುಟ್ಟಿ ಸುಮಿತ್ರಾ ಬಂದಳು. ನಾನು ಅವಳನ್ನು ಟ್ರಂಕು ಇಳಿಸಲೂ ಬಿಡದೆ ಬಚ್ಚಲಿಗೆ ಕರೆದುಕೊಂಡು ಹೋದೆ. ಅವಳು ಹಂಸಗಳನ್ನು ನೋಡಿದಳು, ತಂಬಿಗೆಯ ಹಿಂದಿನ ತಂಬಿಗೆ ನೋಡಿದಳು, ಕನ್ನಡಿಯ ಕಡೆ ಕತ್ತೆತ್ತಿ ಅದರಲ್ಲಿ ತನ್ನ ಬೈತಲೆಯನ್ನು ನೋಡಿಕೊಂಡಳು. ಆಮೇಲೆ ಹಿಂದೆ ತಿರುಗಿ ಬಾಗಿಲನ್ನು ನೋಡಿದಳು.

"ಚಿಲಕಾ?"

"ಅದೇನ ದೊಡ್ಡ ಕೆಲಸಲ್ಲ. ಹಾಕಸೂಣು" ಎಂದೆ.

"ಅಲ್ಲಿ ತನಕ ನಾ ಏನ ಮಾಡ್ಲಿ?"

"ಹಾಡು. ಇಲ್ಲೆ ಎಲ್ಲಾರೂ ಹಂಗ ಮಾಡ್ತಾರ."

"ಎಲ್ಲಾರೂ ಅಂದ್ರ ಯಾರ್ರಿ?" ಎಂದಳು. ನಾನು ವಿಚಾರ ಮಾಡಿದೆ. ಎಲ್ಲರೂ ಎಂದರೆ ನಾನೊಬ್ಬನೇ ಇದ್ದೆ.

ಅವಳು ಹಾಡಲಿಲ್ಲ. ತುಂಬಿದ ಬಕೀಟನ್ನು ಬಾಗಿಲಿಗೆ ಅಡ್ಡ ಇಟ್ಟುಕೊಳ್ಳುತ್ತಿದ್ದಳು, ಬಳೆ ಸಪ್ಪಳ ಮಾಡುತ್ತ ಬೇಗ ಬೇಗ ನಾಲ್ಕು ತಂಬಿಗೆ ಸುರಿದುಕೊಂಡು ಬಂದುಬಿಡುತ್ತಿದ್ದಳು. ಇಷ್ಟು ಚಂದದ ಬಚ್ಚಲಲ್ಲಿ ಇವಳು ಸ್ವಲ್ಪ ಹೊತ್ತು ನಿಲ್ಲಬಾರದೇ ಎಂದು ನನಗೆ ಒಳಗೊಳಗೇ ಬೇಸರವಾಗುತ್ತಿತ್ತು.

ಪಂಚಮಿಗೆ ಗೌಡರ ಮಗಳು ತವರಿಗೆ ಬಂದಳು. ಜೊತೆಗೆ ದೇವಿಕೊಪ್ಪದ ಬೀಗರ ಮನೆಯ ನಾಲ್ಕು ಮಂದಿ ಹೆಂಗಸರು. ಗೌಡರು ಅವರಿಗೆ ಉಂಡಿ ಕೊಡಿಸಿ, ಜೋಕಾಲಿ ತೋರಿಸಿ, ಇನ್ನೇನು ತೋರಿಸಬೇಕೆಂದು ತಿಳಿಯದೆ, "ಹಿತ್ತಲದಾಗ ಮಾಸ್ತರ ಬಚ್ಚಲಾ ಐತಿ, ನೋಡಿ ಬರ್ರಿ" ಎಂದು ಕಳಿಸಿದರು. ಐದೂ ಜನ ಕೈತುಂಬ ಹೊಸ ಬಳೆ ಇಡಿಸಿಕೊಂಡಿದ್ದರು. ಆ ಗದ್ದಲದಲ್ಲಿ ಒಳಗಿನ ಎರಡು ಕೈಯ ಬಳೆ ಸಪ್ಪಳ ಯಾರಿಗೂ ಕೇಳಿಸಲಿಲ್ಲ. ಮುಂದಿನವಳು ಬಾಗಿಲು ದೂಡಿದಳು. ಬಕೀಟು ಉರುಳಿತು. ಒಳಗೆ ಸುಮಿತ್ರಾ ಇದ್ದಳು.

ಅವರು ಕೆಟ್ಟವರಲ್ಲ. "ಇರ್ಲಿ ಬಿಡವಾ, ನಾವೂ ಹೆಂಗಸರ ಅದೀವಿ" ಎಂದರಂತೆ. ಹಾಗೆಂದವರು, ಬಂದ ಕೆಲಸ ಬಿಡಬಾರದೆಂದು ಹಂಸಗಳನ್ನೂ ಒಮ್ಮೆ ನೋಡಿಕೊಂಡೇ ಬಾಗಿಲು ಎಳೆದುಕೊಂಡರಂತೆ.

ನಾನು ಹೊರಗಿನ ಕೋಣೆಯಲ್ಲಿ ಕುಳಿತಿದ್ದೆ. ಸುಮಿತ್ರಾ ಒದ್ದೆ ಕೂದಲಲ್ಲೇ ಬಂದು, ಟ್ರಂಕು ಎಳೆದು, ಸೀರೆಗಳನ್ನು ಒಂದೊಂದಾಗಿ ಮಡಿಸಿ ಇಡತೊಡಗಿದಳು. ಅವಳು ಕೂಗಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು, ನಾನೂ ಏನಾದರೂ ಕೂಗಬಹುದಿತ್ತು. ಅವಳು ಸುಮ್ಮನೆ ಮಡಿಸುತ್ತಿದ್ದಳು. ಏನಾಯಿತೆಂದು ನಾನು ನಾಲ್ಕು ಸಲ ಕೇಳಿದ ಮೇಲೆ ಹೇಳಿದಳು. ಹೇಳಿ ಮತ್ತೆ ಮಡಿಸತೊಡಗಿದಳು.

"ಅವರು ನೋಡಾಕ ಬಂದಿದ್ದು ಹಂಸಾನ..." ಎಂದು ನಾನು ಬಾಯಿ ತೆಗೆದೆ.

"ಎಷ್ಟ ಹಂಸ ಅದಾವ್ರಿ?"

"ಹನ್ನೊಂದು."

"ಹನ್ನೊಂದರಾಗ ಒಂದರ ಬಾಗಲಾ ಹಿಡೀತೇನ್ರಿ?"

ಆಗ ತಿಳಿದದ್ದು ಇಷ್ಟೇ. ಅವಳು ಒಂದು ತಿಂಗಳ ಹಿಂದೆ ಒಂದು ಮಾತು ಹೇಳಿದ್ದಳು. ನಾನು ಅದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಮಾಡಿದ್ದೆ. "ಮಧ್ಯಾಹ್ನದ ಬಸ್ಸಿಗೆ ಹೋಗ್ತೀನ್ರಿ" ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಬಡಿಗ ಕಾಳಪ್ಪನ ಮನೆಗೆ ಓಡಿದೆ.

ಕಾಳಪ್ಪ ಚಿಲಕ ಹುಡುಕಿಕೊಂಡು ಬಂದ. ಬಂದವನು ಬಾಗಿಲ ಹೊರಗೆ ನೋಡಿ, "ಇಲ್ಲೆ ಐತಲ್ರಿ" ಎಂದ. ಒಳಗೆ ಬೇಕು ಎಂದೆ. ಅವನು ನನ್ನ ಮುಖ ನೋಡಿದ. "ಒಳಗ ಹಾಕ್ಕೊಂಡು ಯಾರರ ಕಾಲ ಜಾರಿ ಬಿದ್ರ ತಗಿಯಾವ್ರು ಯಾರ್ರಿ?" ಎಂದು ಕೇಳಿದ. ಅಷ್ಟರಲ್ಲಿ ಸುತ್ತಿಗೆಯ ಸಪ್ಪಳ ಕೇಳಿ ಗೌಡರೇ ಬಂದರು.

"ಏನ ನಡದೈತ್ರಿ ಮಾಸ್ತರ?"

ಹೇಳಿದೆ. ಗೌಡರ ಮುಖ ಬಿಗಿಯಾಯಿತು.

"ಹಂಸ ಬರದ್ರಿ, ನಾ ಏನರ ಅಂದೆನೇನು? ಕನ್ನಡಿ ಹಾಕಿದ್ರಿ, ಹಾಕ್ರಿ ಅಂದೆ. ಆದ್ರ ಇದು ಬ್ಯಾರೆ ಮಾತು. ತಲಬಾಗಲಾ ಬಿಟ್ರ ಈ ಮನಿಯಾಗ ಒಳಗಿಂದ ಹಾಕ್ಕೊಳ್ಳೋ ಬಾಗಲಾ ಒಂದೂ ಇಲ್ಲ. ನಮ್ಮಪ್ಪ ಹಂಗ ಕಟ್ಟಿಸ್ಯಾನ. ಹೆಣ್ಣಮಕ್ಕಳು ಒಳಗ ಚಿಲಕಾ ಹಾಕ್ಕೊಂಡು ಕುಂತ್ರ ಮಂದಿ ಏನಂತಾರ? ಮುಚ್ಚಿ ಇಡುವಂಥಾದ್ದು ಏನೈತಿ ಅಂತಾರ."

"ನಮ್ಮ ಮನಿಯಾಕಿ ಟ್ರಂಕ್ ಕಟ್ಯಾಳ್ರಿ" ಎಂದೆ.

"ನಾ ಮಾತಾಡ್ತೀನಿ ತಗೋರಿ ಆಕೀ ಜೋಡಿ. ನಮ್ಮ ಮಗಳಿದ್ದಂಗ ಅದಾಳ. ಏ ಕಾಳ್ಯಾ, ಇಡು ಅದನ್ನ."

ಕಾಳಪ್ಪ ಸುತ್ತಿಗೆ ಕೆಳಗಿಟ್ಟ. ಬಾಡಿಗೆ ಮನೆಯ ಬಾಗಿಲು ಬಾಡಿಗೆಯವನದಲ್ಲ ಎಂಬುದು ನನಗೆ ಗೊತ್ತಿತ್ತು. ಆಗ ಅಡುಗೆ ಮನೆಯ ಹಿತ್ತಲ ಬಾಗಿಲಿನಿಂದ ನಾನು ಎಂದೂ ಕೇಳದ ಒಂದು ದನಿ ಬಂತು.

"ಹಾಕಲಿ ಬಿಡಣ್ಣಾ."

ನೀಲಕ್ಕ ಹೊಸ್ತಿಲ ಮೇಲೆ ನಿಂತಿದ್ದಳು. ಕೈಯೆಲ್ಲ ಹಿಟ್ಟು.

"ನಿನಗ ತಿಳಿಯಂಗಿಲ್ಲ ನೀಲಾ, ಒಳಗ ಹೋಗು" ಎಂದರು ಗೌಡರು.

"ನನಗ ತಿಳೀತೈತಿ. ದನದ ಮನಿಯಾಗ ಸೀರಿ ಕಟಗೊಂಡು ಹದಿನೇಳ ವರ್ಷ ಮೈ ತೊಳಕೊಂಡೀನಿ. ಗಾಳಿ ಬಂದ್ರ ಒಂದ ಕೈಲೆ ಸೀರಿ ಹಿಡಕೋಬೇಕು, ಒಂದ ಕೈಲೆ ತಂಬಗಿ. ಆಳು ಬಂದ ಅಂದ್ರ ಹಂಗ ಕುಂದರಬೇಕು, ಅಂವ ಹೊಳ್ಳಿ ಹೋಗೂತನಕ. ನಿನಗ ತಿಳಿಯಂಗಿಲ್ಲ."

ಅವಳು ಇದನ್ನು ಜಗಳದ ದನಿಯಲ್ಲಿ ಹೇಳಲಿಲ್ಲ. ಮನೆಯಲ್ಲಿ ಉಪ್ಪು ತೀರಿದೆ ಎಂದು ಹೇಳುವಂತೆ ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು. ಗೌಡರು ನೆಲ ನೋಡುತ್ತ ನಿಂತರು. ನಾನೂ ನೆಲ ನೋಡಿದೆ. ಗೌಡರಿಗೆ ತಿಳಿಯದಿದ್ದದ್ದು ನನಗೂ ತಿಳಿದಿರಲಿಲ್ಲ. ನಾನು ಆ ಗೋಡೆಯ ಈಚೆ ಕುಳಿತು ತಾವರೆಗೆ ಗುಲಾಬಿ ಬಣ್ಣ ಕಲಸಿದ್ದೆ; ಗೋಡೆಯ ಆಚೆ ಅವಳು ಒಂದು ಕೈಯಲ್ಲಿ ಸೀರೆ ಹಿಡಿದುಕೊಂಡಿದ್ದಳು.

"ಏನ ನಿಂತೀಯೋ, ಹಾಕು" ಎಂದು ಗೌಡರು ಕಾಳಪ್ಪನ ಮೇಲೆ ರೇಗಿ ಹೊರಟುಹೋದರು.

ಚಿಲಕ ಕೂತಿತು. ಸುಮಿತ್ರಾ ಬಂದು ಒಳಗೆ ನಿಂತು ಅದನ್ನು ಆರು ಸಲ ಹಾಕಿ ತೆಗೆದು ನೋಡಿದಳು. ಬಸ್ಸಿನ ಹೊತ್ತು ಮೀರಿತು. ಸೀರೆಗಳು ಟ್ರಂಕಿನಿಂದ ಹೊರಗೆ ಬಂದವು. ಅವಳು ಆಮೇಲೆ ಎಂದೂ ಆ ವಿಷಯ ಎತ್ತಲಿಲ್ಲ, ಹಂಸಗಳನ್ನು ಹೊಗಳಲೂ ಇಲ್ಲ. ಒಂದು ದಿನ ಕನ್ನಡಿಯನ್ನು ತಾನೇ ಒಂದು ಗೇಣು ಕೆಳಗೆ ಇಳಿಸಿ ಹಾಕಿಕೊಂಡಳು.

ಎರಡು ವಾರ ಬಿಟ್ಟು ನೀಲಕ್ಕ ನಮ್ಮ ಬಾಗಿಲಿಗೆ ಬಂದಳು. ಅವಳು ಬಂದದ್ದು ಅದೇ ಮೊದಲು.

"ತಂಗಿ, ಐತವಾರಕ್ಕೊಮ್ಮೆ ತಲಿ ಎರಕೋತೀನಿ. ನಿಮ್ಮ ಬಚ್ಚಲದಾಗ ಎರಕೊಳ್ಳೇನು? ನೀರು ನಾನ ಸೇದಿ ತರ್ತೀನಿ."

"ದಿನಾ ಬರ್ರಿ ಅಕ್ಕಾ" ಎಂದಳು ಸುಮಿತ್ರಾ.

"ದಿನಾ ಬ್ಯಾಡ. ಐತವಾರ ಸಾಕು."

ಐತವಾರ ಬೆಳಿಗ್ಗೆ ಗೌಡರು ಹೊಲಕ್ಕೆ ಹೋದ ಮೇಲೆ ಅವಳು ತನ್ನ ತಂಬಿಗೆ, ತನ್ನ ಸೀರೆ ತೆಗೆದುಕೊಂಡು ಬಂದಳು. ಒಳಗೆ ಹೋದಳು. ಚಿಲಕ ಬಿದ್ದ ಸಪ್ಪಳ ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ, ನೀರೂ ಇಲ್ಲ. ಹಂಸಗಳನ್ನು ನೋಡುತ್ತಿರಬೇಕು ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದ್ದೆ. ಆಮೇಲೆ ಅವಳು ಸುಮಿತ್ರಾಳಿಗೆ ಹೇಳಿದಳಂತೆ, ಸುಮ್ಮನೆ ಕಲ್ಲಿನ ಮೇಲೆ ಕುಳಿತಿದ್ದೆ ಎಂದು. ಯಾರೂ ಬರುವುದಿಲ್ಲ ಎಂಬುದು ನಿಜವೇ ಎಂದು ನೋಡುತ್ತ ಕುಳಿತಿದ್ದಳಂತೆ. ಗೋಡೆಯ ಚಿತ್ರಗಳ ಬಗ್ಗೆ ಕೇಳಿದರೆ, "ಏನೋ ಬಾತುಕೋಳಿ ಅದಾವಲ್ಲ" ಎಂದಳಂತೆ.

ಮೂರನೆಯ ಐತವಾರ ಒಳಗಿಂದ ಗುನುಗುವ ದನಿ ಕೇಳಿತು. ನಾಲ್ಕನೆಯ ಐತವಾರ ಅದು ಹಾಡಾಯಿತು. ನನಗೆ ಸಂಗೀತ ತಿಳಿಯುವುದಿಲ್ಲ, ನನ್ನ ಸ್ನಾನದ ಹಾಡು ಕೇಳಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ನಾನು ಕಟ್ಟೆಯ ಮೇಲೆ ಓದುತ್ತಿದ್ದ ಪೇಪರನ್ನು ಮಡಿಸಿ ಇಟ್ಟೆ. ಸುಮಿತ್ರಾ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ಒಂದೇ ಸಾಲು, ನಿಧಾನವಾಗಿ, ಎಲ್ಲೂ ಅವಸರವಿಲ್ಲದೆ ಮೇಲೇರಿ, ಅಲ್ಲೇ ಸ್ವಲ್ಪ ನಿಂತು, ಇಳಿದು ಬರುತ್ತಿತ್ತು.

ಕೂದಲು ಒಣಗಿಸುತ್ತ ಕಟ್ಟೆಯ ಮೇಲೆ ಕುಳಿತಾಗ ಅವಳು ಸುಮಿತ್ರಾಳಿಗೆ ಹೇಳಿದಳು. ಗವಾಯಿಗಳು ಅಣ್ಣನಿಗೆ ಪಡಸಾಲೆಯಲ್ಲಿ ಪಾಠ ಹೇಳುತ್ತಿದ್ದರು. ತಾನು ಒಳಗೆ ಕಾಳು ಒಡೆಯುತ್ತ ಕೇಳುತ್ತಿದ್ದಳಂತೆ. ಅಣ್ಣನಿಗೆ ಹತ್ತು ಸಲ ಹೇಳಿದ್ದು ತನಗೆ ಎರಡನೆಯ ಸಲಕ್ಕೆ ಬಂದುಬಿಡುತ್ತಿತ್ತು. ಮದುವೆಯಾಗುವವರೆಗೆ ಹಿತ್ತಲಲ್ಲಿ ಹಾಡಿಕೊಳ್ಳುತ್ತಿದ್ದಳಂತೆ. ಗಂಡ ಸತ್ತು ಬಂದ ಮೇಲೆ ಹಾಡಲಿಲ್ಲ.

"ಯಾರರ ಬ್ಯಾಡ ಅಂದ್ರೇನಕ್ಕಾ?" ಎಂದು ಸುಮಿತ್ರಾ ಕೇಳಿದಳಂತೆ.

"ಬ್ಯಾಡ ಅಂತ ಯಾರೂ ಅನ್ನಲಿಲ್ಲವಾ. ಹಾಡು ಅಂತನೂ ಯಾರೂ ಅನ್ನಲಿಲ್ಲ."

ಮುಂದಿನ ತಿಂಗಳ ಒಂದು ಐತವಾರ ಜಿಟಿಜಿಟಿ ಮಳೆ. ಎರೆಹೊಲ ಹಸಿಯಾದರೆ ಅಲ್ಲಿ ಕಾಲಿಡಲು ಬರುವುದಿಲ್ಲ. ಗೌಡರು ಅರ್ಧ ದಾರಿಯಿಂದ ತಿರುಗಿ ಬಂದವರು ಕಾಲಿನ ಕೆಸರು ತೊಳೆಯಲು ನೇರ ಹಿತ್ತಲಿಗೇ ಬಂದರು. ನಮ್ಮ ಕಟ್ಟೆಯ ಹತ್ತಿರ ನಿಂತರು.

"ರೇಡಿಯೊ ಹಚ್ಚೀರೇನ್ರಿ ಮಾಸ್ತರ?"

ನಮ್ಮ ರೇಡಿಯೊದ ಬ್ಯಾಟರಿ ಸತ್ತು ಹದಿನೈದು ದಿನವಾಗಿತ್ತು. "ಹೌದ್ರಿ" ಎಂದೆ.

"ಯಾರು?"

"ಹೆಸರು ಕೇಳಲಿಲ್ರಿ."

ಗೌಡರು ಕಟ್ಟೆಯ ಮೇಲೆ ಕುಳಿತರು. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಅವರ ಮುಖ ಹಾಗೆ ಸಡಿಲವಾದದ್ದನ್ನು ನಾನು ಕಂಡಿರಲಿಲ್ಲ. ಹಾಡು ಒಂದು ಎತ್ತರಕ್ಕೆ ಹೋಗಿ ನಿಂತಾಗ ಅವರ ಬಾಯಿಂದ "ಆಹಾ" ಎಂದು ಬಂತು. ಅದೇ ಹೊತ್ತಿಗೆ ತಂಬಿಗೆ ಹಂಡೆಯಲ್ಲಿ ಮುಳುಗಿದ ಸಪ್ಪಳ, ಹಿಂದೆಯೇ ನೀರು ಕಲ್ಲಿನ ಮೇಲೆ ಬಿದ್ದ ಸಪ್ಪಳ. ಗೌಡರು ಕಣ್ಣು ತೆರೆದರು.

"ರೇಡಿಯೊದಾಗ ನೀರ ಬೀಳಾಕತ್ತಾವಲ್ರಿ."

"ಅಲ್ಲೂ ಮಳಿ ಇರಬೇಕ್ರಿ" ಎಂದೆ. ಸುಮಿತ್ರಾ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಗೌಡರು ನನ್ನನ್ನು ನೋಡಲಿಲ್ಲ. ಬಚ್ಚಲಿನ ಮುಚ್ಚಿದ ಬಾಗಿಲನ್ನು ನೋಡುತ್ತಿದ್ದರು. ಸುಮಿತ್ರಾಳ ಕಡೆ ತಿರುಗಿ, "ನೀಲಾ ಏನವಾ?" ಎಂದರು. ದನಿ ಸಣ್ಣದಾಗಿತ್ತು.

"ಹೌದ್ರಿ" ಎಂದಳು ಸುಮಿತ್ರಾ. ಅವಳು ಎದ್ದು ನಿಂತಿದ್ದಳು. ಗೌಡರು ಬಾಗಿಲ ಕಡೆ ಹೋಗುವುದಾದರೆ ಅಡ್ಡ ನಿಲ್ಲುವವಳ ಹಾಗೆ.

ಗೌಡರು ರುಮಾಲು ಸುತ್ತಿಕೊಳ್ಳಲಿಲ್ಲ, ಹೆಗಲ ಮೇಲೆ ಹಾಕಿಕೊಂಡರು. ಕೆಸರಾದ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡರು, ಸಪ್ಪಳವಾಗಬಾರದೆಂದು. "ನಾ ಬಂದಿದ್ದೆ ಅಂತ ಹೇಳಬ್ಯಾಡ್ರಿ" ಎಂದು ಬರಿಗಾಲಲ್ಲಿ ಹೋದರು.

ಆಮೇಲಿನ ಐತವಾರಗಳಲ್ಲಿ ಗೌಡರ ಹೊಲಕ್ಕೆ ಏನಾಗುತ್ತಿತ್ತೋ, ಅವರು ತಲಬಾಗಿಲಿನಿಂದ ಹೊರಗೆ ಹೋಗಿ, ಸುತ್ತು ಬಳಸಿ, ದನದ ಮನೆಯ ಬಾಗಿಲಿನಿಂದ ಒಳಗೆ ಬರುತ್ತಿದ್ದರು. ಬಚ್ಚಲಿನ ಗೋಡೆಗೆ ಹತ್ತಿದ, ಮೇವು ಹಾಕುವ ಗೋದಲಿಯ ಹತ್ತಿರ ಎತ್ತಿನ ಮೈ ಉಜ್ಜುತ್ತ ನಿಲ್ಲುತ್ತಿದ್ದರು. ಆ ಎತ್ತಿನಷ್ಟು ಚೊಕ್ಕವಾದ ಎತ್ತು ಆ ವರ್ಷ ಇಡೀ ಕುಂದಗೋಳದಲ್ಲಿ ಇರಲಿಲ್ಲ. ನೀಲಕ್ಕನಿಗೆ ಇದು ಗೊತ್ತಿರಲಿಲ್ಲ. ನಾವು ಹೇಳಲಿಲ್ಲ. ಹೇಳಿದರೆ ಅವಳು ಮತ್ತೆ ಬರುವುದಿಲ್ಲವೇನೋ ಎಂಬ ಹೆದರಿಕೆ ಸುಮಿತ್ರಾಳಿಗಿತ್ತು. ಹೇಳದೆ ಇರುವುದೂ ಅವಳಿಗೆ ಸರಿಕಾಣುತ್ತಿರಲಿಲ್ಲ. ಬಾಗಿಲಿಗೆ ಚಿಲಕ ಹಾಕಿಸಿ ಗೋಡೆಗೆ ಕಿವಿ ಇಟ್ಟಂತಾಯಿತಲ್ಲ ಎಂದು ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುತ್ತಿದ್ದಳು. ಬರುವ ವಾರ ಹೇಳಿಬಿಡುತ್ತೇನೆ ಎಂದು ಪ್ರತಿ ವಾರ ಅನ್ನುತ್ತಿದ್ದಳು.

ಅವಳು ಹೇಳಬೇಕಾಗಿ ಬರಲಿಲ್ಲ. ದೀಪಾವಳಿ ಮುಗಿದ ಮೇಲಿನ ಒಂದು ಐತವಾರ ನೀಲಕ್ಕ ಹೊಸದೊಂದನ್ನು ಹಾಡುತ್ತಿದ್ದಳು, ಅದರ ನಡಿಗೆ ಬೇರೆ. ಎತ್ತು ಉಜ್ಜುತ್ತಿದ್ದ ಗೌಡರು ಮೈಮರೆತರು. ಗೋದಲಿಯ ಹಲಗೆಯ ಮೇಲೆ ಅವರ ಕೈ ತಾಳ ಹಾಕತೊಡಗಿತು, ಮೊದಲು ಮೆಲ್ಲಗೆ, ಆಮೇಲೆ ಹಿತ್ತಲಿಗೆಲ್ಲ ಕೇಳುವಷ್ಟು.

ಒಳಗೆ ಹಾಡು ನಿಂತಿತು.

ಕೈಯೂ ನಿಂತಿತು. ಸುಮಿತ್ರಾ ನನ್ನ ತೋಳು ಹಿಡಿದಳು. ತಂಬಿಗೆಯನ್ನು ಯಾರೋ ಕಲ್ಲಿನ ಮೇಲೆ ಇಟ್ಟದ್ದು ಕೇಳಿತು. ಈಗ ಚಿಲಕ ತೆಗೆಯುತ್ತಾಳೆ, ಹೊರಗೆ ಬರುತ್ತಾಳೆ, ಇನ್ನು ಮುಂದೆ ಬರುವುದಿಲ್ಲ ಎಂದು ನಾನು ಎಣಿಸುತ್ತಿದ್ದೆ. ಚಿಲಕ ಅಲುಗಲಿಲ್ಲ. ಒಳಗಿಂದ ನೀಲಕ್ಕನ ದನಿ, ಗೋಡೆ ದಾಟುವಷ್ಟು ಗಟ್ಟಿಯಾಗಿ, ಬಂತು.

"ಅಣ್ಣಾ, ಇದು ತೀನತಾಲ ಅಲ್ಲ. ಝಪತಾಲ. ಹದಿನಾರಲ್ಲ, ಹತ್ತ ಮಾತ್ರಿ."

ದನದ ಮನೆಯಲ್ಲಿ ಎತ್ತಿನ ಕೊರಳ ಗಂಟೆ ಒಮ್ಮೆ ಅಲುಗಿತು.

"ಎಣಸಿ ಹಾಕು. ಅಲ್ಲಿ ತನಕ ನಾ ತಡೀತೀನಿ."

ಸ್ವಲ್ಪ ಹೊತ್ತಿನ ಮೇಲೆ ಗೋದಲಿಯ ಹಲಗೆಯ ಮೇಲೆ ಕೈ ಮತ್ತೆ ಬಿತ್ತು, ಈ ಸಲ ಒಂದೊಂದಾಗಿ, ಕಲಿಯುವವರ ಹಾಗೆ ಹೆದರಿಕೊಂಡು. ಹತ್ತು ಮುಗಿಯಿತು. ಇನ್ನೊಂದು ಹತ್ತು ಮುಗಿಯಿತು. ಮೂರನೆಯದರ ಮೊದಲ ಪೆಟ್ಟಿಗೆ ಸರಿಯಾಗಿ ಅವಳು ಹಾಡು ಎತ್ತಿಕೊಂಡಳು.